ಕಾರಿನಾಗ ರೊಟ್ಟಿಗೆ ವಿಮೆ ಇಲ್ಲ, ಪಿಕಪ್‌ನಾಗ ಅತ್ತೆಗೆ ಇಲ್ಲ

ಸೆಪ್ಟೆಂಬರ್ ಕೊನೆಯ ವಾರ, ಮುಂಜಾನೆ ಐದೂವರೆ. ಲಗೇಜ್ ಆಟೋದವನಿಗೆ ಆರು ಸಲ ಫೋನ್ ಹಚ್ಚಿದೆ, ಆರೂ ಸಲ ಸ್ವಿಚ್ ಆಫ್. ಪಡಸಾಲೆಯಲ್ಲಿ ಎಂಟುನೂರು ಕಡಕ್ ರೊಟ್ಟಿ ರಟ್ಟಿನ ಡಬ್ಬಗಳಲ್ಲಿ ಕೂತಿದ್ದವು. ನಾಲ್ಕುನೂರು ಮೆತ್ತನ ರೊಟ್ಟಿ ಬಿಳಿ ಧೋತರದ ಬಟ್ಟೆಯಲ್ಲಿ ಸುತ್ತಿಕೊಂಡು ಇನ್ನೂ ಹಬೆಯಾಡುತ್ತಿದ್ದವು. ಎಂಟು ಗಂಟೆಯೊಳಗೆ ಎರಡು ಹಾಸ್ಟೆಲ್, ಮೂರು ಖಾನಾವಳಿ ಮುಟ್ಟಬೇಕಾದ ರೊಟ್ಟಿ. ಹೊರಗೆ ಮಳೆ ಹಿಡಿದುಕೊಂಡು ಕೂತಿತ್ತು.

ಆಟೋದವನದು ತಪ್ಪೇನಿರಲಿಲ್ಲ. ಅವನ ಊರು ಜೇವರ್ಗಿ ತಾಲೂಕಿನ ಹೊಳೆದಂಡೆಯದು. 2025ರ ಆ ವಾರ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಕಡೆ ಊರೂರೇ ನೀರಲ್ಲಿ ನಿಂತಿದ್ದವು. ರಾತ್ರೋರಾತ್ರಿ ದನಕರು ಬಿಡಿಸಿಕೊಂಡು ಬರಲು ಹೋಗಿದ್ದನಂತೆ, ಮೂರು ದಿನ ಬಿಟ್ಟು ತಿಳಿಯಿತು. ಅವತ್ತು ಮಾತ್ರ ನಮ್ಮ ಮಾಸ್ತರರು, ಅಂದರೆ ನಮ್ಮ ಮನೆಯವರು, ಬೈಕಿನ ಹಿಂದೆ ಡಬ್ಬ ಕಟ್ಟಿಕೊಂಡು ತಾಡಪತ್ರಿ ಹೊದಿಸಿ ನಾಲ್ಕು ಸುತ್ತು ಹೊಡೆದರು. ನಾಲ್ಕನೇ ಸುತ್ತು ಮುಗಿಸಿ ಬಂದು ತಲೆ ಒರೆಸಿಕೊಳ್ಳುತ್ತ ಅಂದರು:

"ಇನ್ನ ನಮ್ಮದೇ ಒಂದು ಗಾಡಿ ಬೇಕು ನೋಡು. ಸ್ಕಾರ್ಪಿಯೋ ತಗೊಳ್ಳೋಣು."

ಹಸಿದವನಿಗೆ ರೊಟ್ಟಿ ಬೇಕು ಅಂದರೆ ಹೋಳಿಗೆ ಮಾಡೋಣ ಅಂದಂಗಾಯಿತು. ಆದರೆ ಅವರ ಆಸೆ ಇವತ್ತಿನದಲ್ಲ. ಕಲಬುರಗಿಯಲ್ಲಿ ಬಿಳಿ ಸ್ಕಾರ್ಪಿಯೋ ಅಂದರೆ ಬರೀ ಗಾಡಿ ಅಲ್ಲ. ಮದುವೆ ಮಂಟಪದ ಮುಂದೆ ಅದು ನಿಂತರೆ ಇಳಿಯೋರು ಯಾರು ಅಂತ ನಾಲ್ಕು ಮಂದಿ ಹೊರಳಿ ನೋಡುತ್ತಾರೆ. ಅದೇ ವಾರ, ಸೆಪ್ಟೆಂಬರ್ 22ರಿಂದ, ಗಾಡಿಗಳ ಜಿಎಸ್‌ಟಿ ಬೇರೆ ಇಳಿದಿತ್ತು. ಮಾಸ್ತರರಿಗೆ ಅದು ದೈವಸಂಕೇತದಂತೆ ಕಂಡಿತು.

ನನ್ನ ತಲೆಯಲ್ಲಿ ಇದ್ದದ್ದು ಪಿಕಪ್. ಆಳಂದ ರಸ್ತೆಯ ಕಡೆ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾನೂ ಸೇರಿ ಏಳು ಮಂದಿ ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತೇವೆ. ತಿಂಗಳಿಗೆ ಮೂವತ್ತು ಚೀಲ ಮಾಲದಂಡಿ ಜೋಳ ಗಂಜ್ ಮಾರುಕಟ್ಟೆಯಿಂದ ಗಿರಣಿಗೆ, ಗಿರಣಿಯಿಂದ ಮನೆಗೆ ಬರಬೇಕು. ಬಾಡಿಗೆಗೇ ಎಷ್ಟು ಹೋಗುತ್ತಿತ್ತು ಅಂತ ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ. ಪಿಕಪ್ ತಂದರೆ ಅದು ದುಡಿದು ತನ್ನ ಕಂತು ತಾನೇ ಕಟ್ಟಿಕೊಳ್ಳುತ್ತದೆ ಅಂತ ನನ್ನ ವಾದ.

"ಮನ್ಯಾಗ ಅವ್ವಗ ಮೊಣಕಾಲ್ ನೋವು. ತಿಂಗಳಿಗೆರಡು ಸಲ ದವಾಖಾನಿ. ಪಿಕಪ್‌ನಾಗ ಹ್ಯಾಂಗ ಕರ್ಕೊಂಡು ಹೋಗ್ತಿ? ಜೋಳದ ಚೀಲದ ಮ್ಯಾಲ ಕೂಡಿಸ್ತೀಯೇನು?"

"ಸ್ಕಾರ್ಪಿಯೋದಾಗ ಹತ್ತು ಚೀಲ ಜೋಳ ಹ್ಯಾಂಗ ತರ್ತೀರಿ? ಸೀಟ್ ಬೆಲ್ಟ್ ಹಾಕಿ ಕೂಡಿಸ್ತೀರೇನು?"

"ಏಳು ಮಂದಿ ಕೂಡೋ ಗಾಡಿ. ಏಳು ಎಪ್ಪತ್ತಲೆ ನಾನೂರಾ ತೊಂಬತ್ತು ಕಿಲೋ. ಹತ್ತು ಚೀಲ ಆಯ್ತಲ್ಲ!"

ಗಣಿತದ ಮಾಸ್ತರರನ್ನು ಮದುವೆಯಾದರೆ ಇದೇ ತೊಂದರೆ. ಲೆಕ್ಕ ಸರಿ ಇರುತ್ತದೆ, ಉತ್ತರ ತಪ್ಪಿರುತ್ತದೆ. ಏಳು ಮಂದಿಯ ಭಾರ ಗಾಡಿ ತುಂಬ ಹಂಚಿಕೊಂಡಿರುತ್ತದೆ. ಹತ್ತು ಚೀಲ ಡಿಕ್ಕಿಯಲ್ಲಿ ಒಟ್ಟಿದರೆ ಎಲ್ಲವೂ ಹಿಂದಿನ ಅಚ್ಚಿನ ಮೇಲೆ, ಅದರಾಚೆಗೆ. ಮೂತಿ ಮೇಲೆದ್ದು ಮುಂದಿನ ಚಕ್ರ ಹಗುರಾದರೆ ಸ್ಟಿಯರಿಂಗ್ ಮಾತು ಕೇಳುವುದಿಲ್ಲ.

ಜಗಳ ಮೂರು ದಿನ ನಡೆಯಿತು. ನಾಲ್ಕನೇ ದಿನ ನಮ್ಮ ಅತ್ತಿ, ಅಂದರೆ ಮಾಸ್ತರರ ಅವ್ವ, ಅಕ್ಷರ ಬಾರದವರು, ಹೇಳಿದ ಮಾತು: "ಏನೇನ್ ಹೇರ್ತೀರಿ, ಯಾರ್ಯಾರ್ ಕೂಡ್ತೀರಿ, ಒಂದು ತಿಂಗಳ ಬರದಿಡ್ರಿ. ಆಮ್ಯಾಲ ಬೇಕಾದ್ರ ಹೊಡದಾಡ್ರಿ."

ಆರ್ಡರ್ ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆಯಲು ಶುರು ಮಾಡಿದೆ. ದಸರಾದಿಂದ ದೀಪಾವಳಿ ದಾಟುವತನಕ ನಾಲ್ಕು ವಾರ. ರೊಟ್ಟಿಯನ್ನು ಅಷ್ಟು ವರ್ಷ ಎಣಿಸಿದ್ದೆ, ತೂಗಿರಲಿಲ್ಲ. ತಕ್ಕಡಿಯಲ್ಲಿಟ್ಟು ನೋಡಿದರೆ ನೂರು ಕಡಕ್ ರೊಟ್ಟಿ ನಾಲ್ಕು ಕಿಲೋ ಹತ್ತಿರ. ಮೆತ್ತನದು ಅದರ ಎರಡರಷ್ಟು. ಸೇಂಗಾ ಹಿಂಡಿ, ಅಗಸಿ ಹಿಂಡಿಯ ಪೊಟ್ಟಣ ಹಿಡಿದು ದಿನದ ಹೇರು ಎಪ್ಪತ್ತೈದು ಕಿಲೋ ದಾಟುವುದಿಲ್ಲ. ಒಬ್ಬ ಆಳಿನ ತೂಕ! ಆದರೆ ಜಾಗ ಮಾತ್ರ ಮಂಚದಷ್ಟು ಬೇಕು, ಒಂದರ ಮೇಲೊಂದು ಜಾಸ್ತಿ ಒಟ್ಟುವಂತಿಲ್ಲ. ಈ ಹೇರು ಇಪ್ಪತ್ತಾರು ದಿನ. ಜೋಳದ ಚೀಲ, ಹತ್ತತ್ತರಂತೆ ಐದೈದು ಕ್ವಿಂಟಲ್, ಬರೀ ಮೂರು ದಿನ. ಮನೆ ಮಂದಿ ಕೂಡಿ ಹೊರಟದ್ದು ಎಂಟು ದಿನ: ದವಾಖಾನಿ ಎರಡು, ಹೊಲ ಮೂರು, ಮದುವೆ ಒಂದು, ಗಾಣಗಾಪುರ ಒಂದು, ಮಗಳ ಪರೀಕ್ಷೆ ಒಂದು. ಮಂದಿ ಯಾವತ್ತೂ ಐದೇ. ಸ್ಕಾರ್ಪಿಯೋದ ಆರನೇ, ಏಳನೇ ಸೀಟಿಗೆ ನಮ್ಮ ಮನೆಯಲ್ಲಿ ಮನುಷ್ಯರೇ ಇಲ್ಲ.

ಮಾಸ್ತರರು ಪುಟ ತಿರುವಿ ತಿರುವಿ ನೋಡಿದರು. ಗೆದ್ದೆ ಅಂತ ನಾನೂ ಹಿಗ್ಗಿದ್ದೆ. ಆಮೇಲೆ ನನ್ನ ಪುಟವೇ ನನಗೂ ತಿರುಗಿಬಿತ್ತು. ಭಾರದ ಕೆಲಸ ತಿಂಗಳಿಗೆ ಮೂರು ದಿನ ಇದ್ದರೆ, ಒಂದೂಕಾಲು ಟನ್ ಹೊರುವ ಪಿಕಪ್ ಯಾಕೆ?

ಈಗ ಶೋರೂಮಿನ ಸುತ್ತಾಟ. ಮೊದಲು ನಮ್ಮ ಮೈದುನನ ಮಗನ ಸಲಹೆ ಬಂತು. "ದೊಡ್ಡವ್ವ, ವಿ-ಕ್ರಾಸ್ ತಗೋರಿ, ಇಲ್ಲಾ ಹೈಲಕ್ಸ್. ಪಿಕಪ್ಪೂ ಹೌದು, ಎಸ್‌ಯುವಿನೂ ಹೌದು, ಬಿಳಿ ಬೋರ್ಡ್." ಹೌದಪ್ಪ, ಎರಡೂ ಐದು ಮೀಟರ್ ಮೀರಿ ಉದ್ದ. ನಮ್ಮ ಓಣಿಯಲ್ಲಿ ತಿರುಗಿಸಬೇಕಾದರೆ ಎದುರು ಮನೆಯವರ ಕಟ್ಟಿ ಒಡೆಯಬೇಕು. ಬೆಲೆ ಕೇಳಿದರೆ ನಮ್ಮ ಹೊಲದ ಒಂದು ಮೂಲೆ ಮಾರಬೇಕು. ಅದು ಅಲ್ಲಿಗೇ ಮುಗಿಯಿತು.

ಎಸ್‌ಯುವಿಯಲ್ಲಿ ಎರಡು ದಾರಿ ಕಂಡವು. ಬೊಲೆರೊ, ಬೊಲೆರೊ ನಿಯೋ ಥರದವು ನಾಲ್ಕು ಮೀಟರಿನ ಒಳಗೆ, 1500 ಸಿಸಿಯೊಳಗಿನ ಡೀಸೆಲ್ ಎಂಜಿನ್. ಇವಕ್ಕೆ ಮೊದಲು ಸೆಸ್ ಸೇರಿ 31 ಪರ್ಸೆಂಟ್ ತೆರಿಗೆ ಇದ್ದದ್ದು 18ಕ್ಕೆ ಇಳಿದಿತ್ತು. ಸ್ಕಾರ್ಪಿಯೋ ಆ ಅಳತೆ ಮೀರಿದ್ದು. ಅದಕ್ಕೂ ಇಳಿದಿತ್ತು, ಆದರೆ 40ಕ್ಕೆ ನಿಂತಿತ್ತು. ಮೇಲೆ ನಮ್ಮ ಕರ್ನಾಟಕದ ಆಜೀವ ತೆರಿಗೆ: ಐದರಿಂದ ಹತ್ತು ಲಕ್ಷದ ಕಾರಿಗೆ ನೂರಕ್ಕೆ 14, ಹತ್ತು ದಾಟಿ ಇಪ್ಪತ್ತರತನಕ 17, ಅದರ ಮೇಲೆ ಸೆಸ್. ಹದಿಮೂರು ಲಕ್ಷದ ಗಾಡಿಗೆ ರಸ್ತೆ ತೆರಿಗೆಯೇ ಎರಡು ಲಕ್ಷ ಇಪ್ಪತ್ತೊಂದು ಸಾವಿರ. ಮಾಸ್ತರರು ಇದನ್ನು ತಾವೇ ಗುಣಿಸಿ, ಪೆನ್ನಿನ ಮುಚ್ಚಳ ಹಾಕಿ, ಆಮೇಲೆ ಆ ಹೆಸರು ಎತ್ತಲಿಲ್ಲ. ಬರುವಾಗ ಶೋರೂಮಿನ ಗಾಜಿನೊಳಗಿಂದ ಒಂದು ಸಲ ಹೊರಳಿ ನೋಡಿದ್ದು ನನಗೆ ಕಂಡಿತು.

ಸರಕು ಗಾಡಿಗೂ ತೆರಿಗೆ 28ರಿಂದ 18ಕ್ಕೆ ಬಂದಿತ್ತು. ಜಿಎಸ್‌ಟಿ ನೋಂದಣಿ ಇದ್ದವರು ಸರಕು ಗಾಡಿಗೆ ಕಟ್ಟಿದ ತೆರಿಗೆಯನ್ನು ಲೆಕ್ಕದಲ್ಲಿ ವಾಪಸ್ ಹೊಂದಿಸಿಕೊಳ್ಳಬಹುದು, ಕಾರಿಗೆ ಆ ಸವಲತ್ತಿಲ್ಲ. ನಮ್ಮದು ನೋಂದಣಿಯ ಮಿತಿ ಮುಟ್ಟದ ಸಣ್ಣ ಘಟಕ, ಹೀಗಾಗಿ ನಮಗೆ ಆ ಮಾತು ಬರೀ ಕೇಳುವುದಕ್ಕೆ.

ಶೋರೂಮಿಗೆ ಹೋದಲ್ಲೆಲ್ಲ ಎರಡು ಪರೀಕ್ಷೆ ಮಾಡಿದೆ. ಒಂದು ಅತ್ತಿ, ಒಂದು ರೊಟ್ಟಿ.

ಅತ್ತಿಯ ಪರೀಕ್ಷೆ ಹೀಗೆ. ಬಲಗೈಯಲ್ಲಿ ಸೀರೆಯ ನಿರಿಗೆ ಎತ್ತಿ ಹಿಡಿಯುತ್ತಾರೆ, ಎಡಗೈ ಕಂಬಿ ಹುಡುಕುತ್ತದೆ. ಎಡಗಾಲು ಮೊದಲು ಮೇಲೆ, ಬಲ ಮೊಣಕಾಲು ಮಡಚಬಾರದು. ಕಂಬಿ ಕೈಗೆಟುಕುವ ಎತ್ತರದಲ್ಲಿ ಇರಬೇಕು, ಪಾವಟಿಗೆ, ಅಂದರೆ ಕಾಲಿಟ್ಟು ಏರುವ ಮೆಟ್ಟಿಲು, ನೆಲದಿಂದ ಒಂದು ಗೇಣು ಮೇಲೆ ಇರಬೇಕು, ಬಾಗಿಲು ಅಗಲ ತೆರೆಯಬೇಕು. ಏಳು ಸೀಟಿನ ಗಾಡಿಯ ನಡುವಿನ ಸಾಲಿಗೆ ಸಲೀಸಾಗಿ ಏರಿದರು. ಹಿಂದೆ ಎದುರುಬದುರು ಕೂಡುವ ಮಡಚು ಸೀಟನ್ನು ಸೇಲ್ಸ್‌ನ ಹುಡುಗ ಹೆಮ್ಮೆಯಿಂದ ಬಿಡಿಸಿ ತೋರಿಸಿದಾಗ, "ತಮ್ಮಾ, ಇದು ಟಂಟಂ ಇದ್ದಂಗೇ ಅದಲ್ಲೋ. ಟಂಟಂನಾಗ ಇಪ್ಪತ್ತು ರೂಪಾಯಿಗೆ ಕೂಡ್ತೀನಿ ನಾ" ಅಂದುಬಿಟ್ಟರು. ಹುಡುಗ ಪಾಪ ನಕ್ಕ.

ರೊಟ್ಟಿಯ ಪರೀಕ್ಷೆಗೆ ನೂರು ಕಡಕ್ ರೊಟ್ಟಿಯ ಡಬ್ಬ ಜೊತೆಗೊಯ್ದಿದ್ದೆ. ಟೆಸ್ಟ್ ಡ್ರೈವ್ ಅಂದರೆ ಊರೆಲ್ಲ ಎಂಜಿನ್ ಸಪ್ಪಳ ಕೇಳುತ್ತದೆ, ಏಸಿ ಹಚ್ಚಿ ನೋಡುತ್ತದೆ. ನಾನು ಹಿಂದೆ ಡಬ್ಬ ಇಟ್ಟು ರಿಂಗ್ ರೋಡಿನ ತಗ್ಗುದಿನ್ನೆ ಇದ್ದ ಕಡೆಯೇ ಓಡಿಸಿರಿ ಅಂದೆ. ಎಸ್‌ಯುವಿಯಲ್ಲಿ ತಿರುಗಿ ಬಂದು ಬಿಚ್ಚಿದರೆ ಮೂರು ಮುರಿದಿದ್ದವು. ಒಂದು ಕಂಪನಿಯ ಸಿಂಗಲ್ ಕ್ಯಾಬ್ ಪಿಕಪ್, ಖಾಲಿ ಗಾಡಿ, ಅದೇ ದಾರಿ: ನಲವತ್ತೊಂದು. ಡಬ್ಬ ಎತ್ತಿದಾಗಲೇ ಒಳಗೆ ಚುರುಮುರಿಯ ಸಪ್ಪಳ. ನನ್ನ ಪಿಕಪ್ ವಾದ ಅಲ್ಲಿಗೇ ಅರ್ಧ ಮುರಿದಂಗಾಯಿತು.

ಯಾಕೆ ಹೀಗೆ ಅಂತ ಗ್ಯಾರೇಜಿನವರನ್ನು ಕೇಳಿದರೆ ಹೇಳಿದ್ದು ಸರಳ. ಪಿಕಪ್‌ನ ಹಿಂದಿನ ಪಟ್ಟಾ, ಅಂದರೆ ಲೀಫ್ ಸ್ಪ್ರಿಂಗ್, ಟನ್‌ಗಟ್ಟಲೆ ಹೊರಲೆಂದೇ ಬಿಗಿಯಾಗಿ ಕಟ್ಟಿದ್ದು. ಎಪ್ಪತ್ತೈದು ಕಿಲೋ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದು ಬಾಗುವುದೇ ಇಲ್ಲ, ತಗ್ಗಿನ ಏಟನ್ನೆಲ್ಲ ನೇರ ಮೇಲೆ ದಾಟಿಸುತ್ತದೆ. ಹೇರು ಬಿದ್ದರೆ ತಾನಾಗಿ ಮೆತ್ತಗಾಗುತ್ತದೆ.

ಇದನ್ನು ಕಣ್ಣಾರೆ ನೋಡಬೇಕಿತ್ತು. ಹೊಲದ ಊರಿನಲ್ಲಿ ಸಂಬಂಧಿಕರದೊಂದು ಡಬಲ್ ಕ್ಯಾಬ್ ಪಿಕಪ್ ಇದೆ. ಮುಂದೆ ಎರಡು ಸಾಲು ಸೀಟು, ಐದು ಮಂದಿ. ಹಿಂದೆ ಗಿಡ್ಡ ತೊಟ್ಟಿ. ಬೊಲೆರೊ ಕ್ಯಾಂಪರ್ ಅಂತ ಬರುವುದೂ ಇದೇ ಥರದ್ದು. ಒಂದು ಭಾನುವಾರ ಕೇಳಿ ಪಡೆದು ಹೊಲಕ್ಕೆ ಹೋದೆವು. ನಮ್ಮದು ಕಪನೂರು ದಾಟಿ ಹುಮನಾಬಾದ್ ರಸ್ತೆ ಬಿಟ್ಟು ಒಳಗೆ, ಮನೆಯಿಂದ ಹದಿನಾಲ್ಕು ಕಿಲೋಮೀಟರು. ಆ ವರ್ಷದ ಮಳೆಗೆ ತೊಗರಿ ನೀರು ನಿಂತು ಅರ್ಧ ಹೋಗಿತ್ತು, ಅದು ಬೇರೆ ಕಥೆ. ಹೊಲದ ದಾರಿ ಎರೆ ಮಣ್ಣು. ಒಣಗಿದರೆ ಕಲ್ಲು, ಹಸಿಯಾದರೆ ಬೆಲ್ಲದ ಪಾಕ. ಖಾಲಿ ತೊಟ್ಟಿಯ ಗಾಡಿ, ತಿರುಗುವುದು ಹಿಂದಿನ ಚಕ್ರ, ಅದರ ಮೇಲೆ ಭಾರವೇ ಇಲ್ಲ. ತಗ್ಗಿನಲ್ಲಿ ಇಳಿದದ್ದೇ ಚಕ್ರ ಗರಗರ ತಿರುಗಿ, ಮಣ್ಣು ಹತ್ತಿ ಹತ್ತಿ ಟಯರಿನ ಹಲ್ಲೆಲ್ಲ ಮುಚ್ಚಿ, ಕರಿ ಚಕ್ಕುಲಿಯಂತಾಗಿ ನಿಂತಿತು. ಮಾಸ್ತರರು ಒಂದು ಮಾತಾಡಲಿಲ್ಲ. ಅವರ ಮೀಸೆ ಮಾತ್ರ ನಗುತ್ತಿತ್ತು.

ಆಮೇಲೆ ಪಕ್ಕದ ಹೊಲದವರ ಕೊಟ್ಟಿಗೆಯಿಂದ ನಾಲ್ಕು ಚೀಲ ಜೋಳ ಹೇರಿದೆವು, ಅವರಿಗೂ ಊರಿಗೆ ಮುಟ್ಟಿಸಬೇಕಿತ್ತು. ಎರಡು ಕ್ವಿಂಟಲ್ ಬಿದ್ದದ್ದೇ ಗಾಡಿ ಹಲ್ಲು ಕಚ್ಚಿ ಮೇಲೆ ಬಂತು. ರೊಟ್ಟಿಯ ಡಬ್ಬವನ್ನು ಈ ಸಲ ತೊಟ್ಟಿಯ ತುದಿಯಲ್ಲಿಡದೆ ಕ್ಯಾಬಿನ್ನಿಗೆ ಒತ್ತಿ ಇಟ್ಟಿದ್ದೆ, ಕೆಳಗೆ ಹಳೇ ಹಾಸಿಗೆಯ ಫೋಮ್. ಮನೆಗೆ ಬಂದು ಎಣಿಸಿದರೆ ಆರು ಮುರಿದಿದ್ದವು. ಎರಡು ಅಚ್ಚಿನ ನಡುವೆ ಕುಲುಕಾಟ ಕಡಿಮೆ, ಹಿಂದಿನ ಅಚ್ಚು ದಾಟಿದರೆ ಕುದುರೆ ಸವಾರಿ. ಬಸ್ಸಿನ ಕೊನೇ ಸೀಟಿನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟಾದರೂ ನಾನು ಮನಸ್ಸಿನಲ್ಲಿ ಸೋತಿದ್ದೆ. ಸಣ್ಣ ಎಸ್‌ಯುವಿ ತರೋಣ, ಹಿಂದಿನ ಮಡಚು ಸೀಟು ಎತ್ತಿ ರೊಟ್ಟಿ ಡಬ್ಬ ಇಡೋಣ, ಜೋಳಕ್ಕೆ ತಿಂಗಳಿಗೆ ಮೂರು ದಿನ ಛೋಟಾ ಹಾಥಿ ಸರಕು ಗಾಡಿ ಬಾಡಿಗೆ ಹಿಡಿಯೋಣ ಅಂತ ಅಂದೂಬಿಟ್ಟಿದ್ದೆ. ರೊಟ್ಟಿ ಮುರಿಯುವುದಿಲ್ಲ, ಅತ್ತಿಗೂ ಆರಾಮ, ಮಾಸ್ತರರ ಮುಖವೂ ಅರಳುತ್ತದೆ. ಬಯಾನಾ, ಅಂದರೆ ಮುಂಗಡ, ಕೊಡುವ ಹಿಂದಿನ ದಿನ ವಿಮೆಯ ಅಣ್ಣ ಮನೆಗೆ ಬಂದರು. ನಮ್ಮ ಬೈಕಿನ ವಿಮೆ ಹತ್ತು ವರ್ಷದಿಂದ ಅವರೇ ಮಾಡುವುದು. ಚಹಾ ಕುಡಿಯುತ್ತ ಕೇಳಿದರು:

"ತಂಗಿ, ಕಾರಿನಾಗ ದಿನಾ ರೊಟ್ಟಿ ಒಯ್ತೀರಿ ಅಂದ್ರಿ?"

"ಹೌದ್ರಿ ಅಣ್ಣಾ. ಎಪ್ಪತ್ತೈದು ಕಿಲೋ ಅಷ್ಟೇ."

"ಕಿಲೋದ ಮಾತಲ್ಲ." ಚೀಲದಿಂದ ಯಾರದೋ ಕಾರಿನ ಪಾಲಿಸಿ ತೆಗೆದು ಒಂದು ಸಾಲಿನ ಕೆಳಗೆ ಉಗುರಿನಿಂದ ಗೀರು ಎಳೆದರು. ಖಾಸಗಿ ಕಾರಿನ ಪಾಲಿಸಿ ಯಾವ್ಯಾವ ಬಳಕೆಗೆ ಅನ್ವಯಿಸುವುದಿಲ್ಲ ಅಂತ ಇರುವ ಸಾಲು ಅದು. ಬಾಡಿಗೆಗೆ ಓಡಿಸಿದರೆ ಇಲ್ಲ. ರೇಸಿಗೆ ಇಳಿಸಿದರೆ ಇಲ್ಲ. ಮಾದರಿ ವಸ್ತು, ಸ್ವಂತ ಲಗೇಜು ಬಿಟ್ಟು ಬೇರೆ ಸರಕು ಸಾಗಿಸಿದರೂ ಇಲ್ಲ. "ನೀವು ಮಾರೋ ರೊಟ್ಟಿ ಸರಕು. ಒಂದಿನ ಹೊರಗ ಹೋಗೋದು ಬ್ಯಾರೆ, ದಿನಾ ಅದೇ ಧಂದಾ ಬ್ಯಾರೆ. ನಾಳೆ ಏನಾರ ಆದ್ರ ಕಂಪನಿಯೋರು ಡಿಕ್ಕಿ ತಗದು ಮೊದಲ ಡಬ್ಬಾನೇ ಫೋಟೋ ಹೊಡೀತಾರ."

ನಾನು ಎದ್ದು ಕೂತೆ. "ಹಂಗಾದ್ರ ಡಬಲ್ ಕ್ಯಾಬ್ ಪಿಕಪ್ಪೇ ಸರಿ ಆಯ್ತಲ್ಲ?"

"ಅದರಾಗ ರೊಟ್ಟಿ ಸರಿ. ನಿಮ್ಮ ಅತ್ತಿ ಸರಿ ಇಲ್ಲ."

ಅತ್ತಿ ಒಳಗಿನಿಂದಲೇ "ನಾ ಏನ್ ಮಾಡೀನ್ರಿ?" ಅಂದರು.

ಹಳದಿ ಬೋರ್ಡಿನ ಸರಕು ಗಾಡಿಯ ವಿಮೆ ಚಾಲಕನಿಗೆ, ನಮ್ಮ ಆಳಿಗೆ, ಸರಕಿನ ಜೊತೆ ಹೊರಟ ಅದರ ಒಡೆಯನಿಗೆ ಅನ್ವಯಿಸುತ್ತದೆ. ಸುಮ್ಮನೆ ಕೂತು ಬಂದವರಿಗೆ ಇಲ್ಲ. ಸರಕು ಗಾಡಿಯಲ್ಲಿ ಪುಕ್ಕಟೆ ಕೂತವರಿಗೆ ಕಂಪನಿ ಪರಿಹಾರ ಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟು ಆಶಾ ರಾಣಿ ಪ್ರಕರಣದಲ್ಲಿ ಇಪ್ಪತ್ತು ವರ್ಷದ ಹಿಂದೆಯೇ ಹೇಳಿಬಿಟ್ಟಿದೆ. ಆಗ ಕೊಡಬೇಕಾದವನು ಗಾಡಿಯ ಮಾಲೀಕ. ಅಂದರೆ ನಾವೇ.

ಅವತ್ತು ರಾತ್ರಿ ಇಬ್ಬರಿಗೂ ನಿದ್ದೆ ಇಲ್ಲ. ಕಾರಿನಲ್ಲಿ ರೊಟ್ಟಿಗೆ ವಿಮೆ ಇಲ್ಲ, ಪಿಕಪ್‌ನಲ್ಲಿ ಅತ್ತಿಗೆ ವಿಮೆ ಇಲ್ಲ. ಇಷ್ಟು ದಿನ ಸೀಟು, ಸ್ಪ್ರಿಂಗು, ತೆರಿಗೆ ಅಂತ ಕಾದಾಡಿದ್ದೆಲ್ಲ ಪಕ್ಕಕ್ಕೆ ಸರಿಯಿತು.

ಮುಂಜಾನೆ ವಿಮೆಯ ಅಣ್ಣನಿಗೆ ಫೋನ್ ಮಾಡಿ ಕೇಳಿದ್ದು ಒಂದೇ: ರೊಕ್ಕ ಕಟ್ಟಿ ಸರಿಪಡಿಸಿಕೊಳ್ಳುವುದಾದರೆ ಯಾವುದನ್ನು ಸರಿಪಡಿಸಬಹುದು? ಕಾರಿಗೆ ಸರಕಿನ ಪರವಾನಗಿ ಅಂಟಿಸುವ ದಾರಿ ಇಲ್ಲ ಅಂದರು. ಸರಕು ಗಾಡಿಗೆ ಮಾತ್ರ, ದುಡ್ಡು ಕೊಡದೆ ಕೂತು ಬರುವವರ ಹೊಣೆ ಹೊರುವ ಒಂದು ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರಿಸುವ ಹೆಚ್ಚಿನ ಸಾಲು, ಇದೆ, ಹೆಚ್ಚಿನ ಪ್ರೀಮಿಯಂ ಕಟ್ಟಿ ಪಾಲಿಸಿಯಲ್ಲೇ ಬರೆಸಬೇಕು, ಆರ್‌ಸಿಯಲ್ಲಿ ಎಷ್ಟು ಸೀಟೋ ಅಷ್ಟಕ್ಕೆ. ತೊಟ್ಟಿಯಲ್ಲಿ ಕೂತವರಿಗೆ ಯಾವ ಕಾಗದವೂ ಇಲ್ಲ. "ಬರಸ್ತೀನಿ ಅಂತ ಬಾಯಿಲೆ ಹೇಳಿದ್ರ ನಂಬಬ್ಯಾಡ್ರಿ ತಂಗಿ, ನಾ ಹೇಳಿದ್ರೂ ನಂಬಬ್ಯಾಡ್ರಿ. ಪಾಲಿಸಿ ಕೈಗೆ ಬಂದ ಮ್ಯಾಲ ಸಾಲು ಹುಡುಕಿ ಓದ್ರಿ" ಅಂದರು. ಅಷ್ಟು ನೆಟ್ಟಗೆ ಮಾತಾಡುವ ಏಜೆಂಟ್ ಸಿಕ್ಕದ್ದು ನಮ್ಮ ಪುಣ್ಯ.

ಅಲ್ಲಿಗೆ ತೀರ್ಮಾನವಾಯಿತು: ಡಬಲ್ ಕ್ಯಾಬ್.

ಹಳದಿ ಬೋರ್ಡಿನ ಬಾಲಕ್ಕೆ ಕಟ್ಟಿಕೊಂಡು ಬರುವ ಖರ್ಚು ಗೊತ್ತಿರಲಿ ಅಂತ ಇದನ್ನೂ ಹೇಳುತ್ತೇನೆ. ಮೂರನೇ ವ್ಯಕ್ತಿಯ ವಿಮೆಗೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆಗೆ, 2022ರಲ್ಲಿ ಗೊತ್ತುಮಾಡಿದ ದರ, 1000ದಿಂದ 1500 ಸಿಸಿಯ ಖಾಸಗಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ. 7,500 ಕಿಲೋ ಒಳಗಿನ ಸರಕು ಗಾಡಿಗೆ 16,049. ಐದು ಪಟ್ಟಿಗೆ ಹತ್ತಿರ. ಕಾರಿನ ನೋಂದಣಿ ಹದಿನೈದು ವರ್ಷ ನಿಶ್ಚಿಂತೆ, ಸರಕು ಗಾಡಿಗೆ ಎಂಟು ವರ್ಷದತನಕ ಎರಡೆರಡು ವರ್ಷಕ್ಕೊಮ್ಮೆ ಫಿಟ್‌ನೆಸ್, ಆಮೇಲೆ ವರ್ಷ ವರ್ಷ. ವೇಗ 80ಕ್ಕೆ ಕಟ್ಟಿಹಾಕಿರುತ್ತಾರೆ. ಸಾಲದ ಬಡ್ಡಿಯೂ ಕಾರಿನದಕ್ಕಿಂತ ಮೇಲೆಯೇ ಹೇಳಿದರು. ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ ಅನ್ನುವುದೊಂದು ಸಮಾಧಾನ. ಗಾಡಿಯ ಕಾಗದದಲ್ಲಿ ಆ ಅಂಕಿ ನೋಡಿಕೊಂಡೇ ಮುಂದುವರಿದೆವು. ಲೈಸೆನ್ಸಿನ ಚಿಂತೆಯೂ ಬೀಳಲಿಲ್ಲ. ಎಲ್‌ಎಂವಿ, ಅಂದರೆ ಹಗುರ ಗಾಡಿಯ, ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸಾರಿಗೆ ಗಾಡಿಯನ್ನೂ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಗಟ್ಟಿಮಾಡಿತ್ತು. ಮಾಸ್ತರರಿಗೆ ಲೈಸೆನ್ಸ್ ಇತ್ತು. ನನ್ನದೂ ಇತ್ತು, ಮೂರು ವರ್ಷದಿಂದ ಟಿಜೋರಿಯಲ್ಲಿ ಮಲಗಿತ್ತು.

ನವೆಂಬರಿನಲ್ಲಿ ಗಾಡಿ ಬಂತು. ಪಾಲಿಸಿ ಕೈಗೆ ಬಂದಾಗ ಸಾಲು ಹುಡುಕಿದೆವು, ಇರಲಿಲ್ಲ! ಹೇಳಿದ್ದೆವು, ರೊಕ್ಕವನ್ನೂ ಕೊಡುತ್ತೇವೆ ಅಂದಿದ್ದೆವು, ಶೋರೂಮಿನ ಕೌಂಟರಿನಲ್ಲಿ ಯಾರೋ ಮರೆತಿದ್ದರು. ಎಂಟು ದಿನ ಓಡಾಡಿ ಬರೆಸಿಕೊಂಡೆ. ಆ ಎಂಟು ದಿನ ಅತ್ತಿ ಗಾಡಿಯ ಪೂಜೆಗೆ ಕಾಯಿ ಒಡೆದರೇ ವಿನಾ ಒಳಗೆ ಕೂಡಲಿಲ್ಲ. "ಕಾಗದ ಬರಲಿ" ಅನ್ನುತ್ತಿದ್ದರು.

ಶಹಾಬಜಾರಿನ ವೆಲ್ಡಿಂಗ್ ಅಂಗಡಿಯಲ್ಲಿ ಹಿಂದಿನ ಬಾಗಿಲಿಗೆ ಒಂದು ಗೇಣು ಎತ್ತರದ ಪಾವಟಿಗೆ ಹಾಕಿಸಿದೆವು, ಅತ್ತಿಯ ಅಳತೆಗೆ. ತೊಟ್ಟಿಯಲ್ಲಿ ಹಿಂದಿನ ಅಚ್ಚಿನ ನೇರಕ್ಕೆ ಮರಳು ತುಂಬಿದ ಮೂರು ಚೀಲ ಕಾಯಂ ಕಟ್ಟಿಬಿಟ್ಟೆವು, ಒಂದೂವರೆ ಕ್ವಿಂಟಲ್. ಜೋಳ ತರುವ ದಿನ ಇಳಿಸುತ್ತೇವೆ. ರೊಟ್ಟಿಗೂ ಅದೇ ಮದ್ದು, ಎರೆ ಮಣ್ಣಿಗೂ ಅದೇ ಮದ್ದು. ಟಯರಿನ ಗಾಳಿಯನ್ನು ಹೇರಿನ ದಿನಕ್ಕೊಂದು, ಖಾಲಿ ದಿನಕ್ಕೊಂದು ಅಂತ ಕೈಪಿಡಿಯಲ್ಲಿ ಕೊಟ್ಟಂತೆ ಇಡುತ್ತೇವೆ. ಇದನ್ನು ಮಾಡುವವರು ಊರಲ್ಲಿ ನಾನು ಕಂಡಂತೆ ಯಾರೂ ಇಲ್ಲ. ಈಗ ನೂರಕ್ಕೆ ನಾಲ್ಕೈದು ರೊಟ್ಟಿ ಮುರಿಯುತ್ತವೆ. ಎಸ್‌ಯುವಿಯ ಮೂರಕ್ಕೆ ಇನ್ನೂ ಇಳಿದಿಲ್ಲ. ಹಿಂದಿನ ಸೀಟಿನ ಬೆನ್ನು ಗೋಡೆಯಷ್ಟು ನೆಟ್ಟಗಿದೆ, ಏಸಿಯ ಗಾಳಿ ಅಲ್ಲಿಗೆ ಬರುವಷ್ಟರಲ್ಲಿ ದಣಿದಿರುತ್ತದೆ. ಮೇ ತಿಂಗಳ ಕಲಬುರಗಿಯ ಬಿಸಿಲಲ್ಲಿ ಏನಾಗುತ್ತದೋ ನೋಡಬೇಕು. ಮದುವೆಗೆ ಹೋದಾಗ ಮಾಸ್ತರರು ಗಾಡಿಯನ್ನು ಮಂಟಪದ ಹಿಂದೆ ನಿಲ್ಲಿಸಿ ನಡೆದು ಬರುತ್ತಾರೆ. ಯಾಕೆ ಅಂತ ನಾನು ಕೇಳಿಲ್ಲ.

ನಿಜವಾದ ತಾಪತ್ರಯ ಬೇರೆ ಕಡೆಯಿಂದ ಬಂತು. ತೊಟ್ಟಿ ಇರುವ ಗಾಡಿ ಮನೆಯ ಮುಂದೆ ನಿಂತರೆ ಕೂಡುವವರಿಗೆ ಬರವಿಲ್ಲ. ರೊಟ್ಟಿ ಬಡಿಯಲು ಬರುವ ಹೆಣ್ಣುಮಕ್ಕಳು ಮೊದಲ ದಿನವೇ, "ಅಕ್ಕಾ, ಹೊಂಟೀರಲ್ಲ, ಹಿಂದ ಏರ್ತೀವಿ, ಸರ್ಕಲ್‌ಗೆ ಇಳಸ್ರಿ" ಅಂದರು. ಕಳೆ ತೆಗೆಯಲು, ತೊಗರಿ ಕೊಯ್ಯಲು ಹೋಗುವವರನ್ನು ಹೀಗೇ ಹೇರಿಕೊಂಡು ಹೋದ ಗಾಡಿ ಮಗುಚಿದ್ದನ್ನು ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ ನಾವು. ಆದರೂ ಐದು ಗಂಟೆಗೆ ಚಳಿಯಲ್ಲಿ ನಡೆದು ಬಂದವಳಿಗೆ, ಖಾಲಿ ತೊಟ್ಟಿ ಎದುರಿಗಿಟ್ಟುಕೊಂಡು, ಬೇಡ ಅನ್ನುವುದು ಸಲೀಸಲ್ಲ. "ಮರಳಿನ ಚೀಲಕ್ಕ ಜಾಗ ಅದ, ನಮಗ ಇಲ್ಲೇನ್ರಿ?" ಅಂತ ಒಬ್ಬಾಕೆ ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ. ಒಳಗೆ ಸೀಟು ಖಾಲಿ ಇದ್ದರೆ ಕೂಡಿಸುತ್ತೇನೆ, ಹಿಂದೆ ಯಾರನ್ನೂ ಏರಿಸುವುದಿಲ್ಲ. ಎರಡು ವಾರ ಮುಖ ಉಬ್ಬಿಸಿಕೊಂಡಿದ್ದರು.

ಡಿಸೆಂಬರಿನಲ್ಲಿ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಮನೆಯಲ್ಲಿ ಯಾರೂ ಉಣ್ಣುವುದಿಲ್ಲ, ಊರಿಗೆ ಊರೇ ಹೊಲದಲ್ಲಿ. ಭಜ್ಜಿಯ ಪಾತೇಲಿ, ಅಂಬಲಿಯ ಗಡಿಗೆ, ಸಜ್ಜಿ ರೊಟ್ಟಿ, ಸೇಂಗಾ ಹೋಳಿಗೆ, ಒಂದು ಡಬ್ಬ ಕಡಕ್ ರೊಟ್ಟಿ, ಎಲ್ಲ ತೊಟ್ಟಿಯಲ್ಲಿ ಮರಳಿನ ಚೀಲಕ್ಕೆ ಒತ್ತಿ ಕಟ್ಟಿದೆವು. ಮೊದಲ ಸುತ್ತಿಗೆ ಮಾಸ್ತರರು ಓಡಿಸಿದರು. ಅತ್ತಿ ಮುಂದಿನ ಸೀಟಿಗೆ, ನಾನೂ ಮಕ್ಕಳೂ ಹಿಂದೆ.

ಅಡುಗೆ ಇಳಿಸಿ ಬೀಗದ ಕೈ ನಾನು ಇಸಿದುಕೊಂಡೆ. ರೊಟ್ಟಿಯ ಗೆಳತಿಯರಲ್ಲಿ ನಾಲ್ವರಿಗೆ ಸ್ವಂತ ಹೊಲವಿಲ್ಲ, ಅವರನ್ನು ಕರೆದಿದ್ದೆ. ಹದಿನಾಲ್ಕು ಕಿಲೋಮೀಟರು ಒಬ್ಬಳೇ ಓಡಿಸಿಕೊಂಡು ಹೋದದ್ದು ಅದೇ ಮೊದಲು. ಹುಮನಾಬಾದ್ ರಸ್ತೆಯಲ್ಲಿ ಲಾರಿಗಳು ಹಾರ್ನು ಹೊಡೆದೇ ಹೊಡೆದವು, ನಾನು ನಲವತ್ತರ ಮೇಲೆ ಹೋಗಲಿಲ್ಲ. ನಾಲ್ವರೂ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಮರಳಿನ ಚೀಲದ ಮಾತಾಡಿದಾಕೆ ಸೀದಾ ತೊಟ್ಟಿಯ ಕಡೆ ನಡೆದಳು. ನಾನು ಒಳಗಿನಿಂದ ಬಾಗಿಲು ತೆಗೆದೆ. ಒಂದು ಗಳಿಗೆ ನೋಡಿ, ಅತ್ತಿಯ ಪಾವಟಿಗೆಯ ಮೇಲೆ ಕಾಲಿಟ್ಟು ಹತ್ತಿ ಕೂತಳು. ದಾರಿಯುದ್ದಕ್ಕೂ ಕಿಟಕಿ ಇಳಿಸಿ ಏರಿಸಿ ಮಾಡುತ್ತಿದ್ದಳು.

ಹೊಲ ಮುಟ್ಟಿದಾಗ ಅತ್ತಿ ಚರಗ, ಅಂದರೆ ಹೊಲಕ್ಕೆ ಚೆಲ್ಲುವ ಎಡೆ, ಚೆಲ್ಲದೆ ಕಾಯುತ್ತಿದ್ದರು. ಉಳಿದ ತೊಗರಿಯ ಸಾಲಿನಲ್ಲಿ ಚರಗ ಚೆಲ್ಲಿ ಬಂದು ಎಲ್ಲರೂ ಬನ್ನಿ ಗಿಡದ ಕೆಳಗೆ ಕೂತೆವು. ಕಡಕ್ ರೊಟ್ಟಿಯ ಡಬ್ಬ ಬಿಚ್ಚಿ ನಾನು ರೂಢಿಯಂತೆ ಎಣಿಸತೊಡಗಿದೆ. ಎರಡು, ಮೂರು, ನಾಲ್ಕು ಮುರಿದಿದ್ದವು.

"ಏನ್ ಎಣಸ್ತೀ ಯವ್ವಾ" ಅಂದರು ಅತ್ತಿ, ತಾಟು ಮುಂದೆ ಒಡ್ಡಿ. "ಮುರದಿದ್ದು ನನಗ ಹಾಕು. ಭಜ್ಯಾಗ ಅದೇ ಛಂದ ನೆನೀತದ."